ಬೀಕನ್ ಇಲ್ಲದ ಕಡೆ ಸಹಾಯ ಕರೆದದ್ದು

ಪುಣೆಯಲ್ಲಿ ನಮ್ಮ ಜೊತೆ ಬೆಟ್ಟ ಹತ್ತುವ ಕನ್ನಡದವರಲ್ಲಿ ಯಾರಾದರೊಬ್ಬರು ಕೇಳುತ್ತಲೇ ಇರುತ್ತಾರೆ, ‘ಅಮೆರಿಕದಿಂದ ಒಂದು ಸ್ಯಾಟಲೈಟ್ ಬೀಕನ್ ತರಿಸಿಬಿಡೋಣ್ವಾ?’ ಬೀಕನ್ ಅಂದರೆ ಅಪಾಯದಲ್ಲಿದ್ದಾಗ ಉಪಗ್ರಹದ ಮೂಲಕ ಸಹಾಯ ಕೂಗುವ ಪುಟ್ಟ ಸಾಧನ. ನನ್ನ ಉತ್ತರ, ಬೇಡ. ಇರಿಡಿಯಂ, ಥುರಾಯಾ ಅನ್ನುವ ಉಪಗ್ರಹ ಜಾಲಗಳ ಸಾಧನಗಳನ್ನು ಸರ್ಕಾರದ ಅನುಮತಿ ಇಲ್ಲದೆ ಇಲ್ಲಿ ಇಟ್ಟುಕೊಳ್ಳುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಕೆನಡಾದ ಓಟಗಾರ್ತಿಯೊಬ್ಬರ ಬ್ಯಾಗಿನಲ್ಲಿ ಗಾರ್ಮಿನ್ ಇನ್‌ರೀಚ್ ಅನ್ನುವ ಅಂಥದೇ ಸಾಧನ ಇತ್ತು ಅಂತ ಗೋವಾ ವಿಮಾನ ನಿಲ್ದಾಣದಲ್ಲೇ ತಡೆದಿದ್ದರು. ಹಡಗು, ವಿಮಾನಗಳಲ್ಲಿರುವ 406 ಮೆಗಾಹರ್ಟ್ಸ್ ಬೀಕನ್ ಬೇರೆ ಥರದ್ದು. ಅದರ ಕೂಗನ್ನು ಉಪಗ್ರಹಗಳು ಹಿಡಿದು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಮುಟ್ಟಿಸುತ್ತವೆ.

ಬೀಕನ್ ಮಾಡುವ ಕೆಲಸ ನೋಡಿದರೆ ಸರಳ. ನಾನು ಯಾರು, ಎಲ್ಲಿದ್ದೇನೆ ಅನ್ನುವುದನ್ನು ಬಿಡದೆ ಹೇಳುತ್ತಿರುತ್ತದೆ, ಅಷ್ಟೇ. ಸಹ್ಯಾದ್ರಿಯಲ್ಲಿ ಆ ಕೆಲಸವನ್ನು ಫೋನಿನಿಂದಲೇ ಮಾಡಿಸಬೇಕು.

ಪುಣೆ ಹತ್ತಿರದ ರಾಜಗಡ ಕೋಟೆಯಿಂದ ತೋರಣಾ ಕೋಟೆಗೆ ಹೋಗುವ ಏಣು, ಅಂದರೆ ಬೆಟ್ಟದ ಬೆನ್ನಿನ ಮೇಲಿನ ದಾರಿಯಲ್ಲಿ ನಮಗೆ ಅದರ ಅಗತ್ಯ ಬಿತ್ತು. ರಾಜಗಡದ ಚಾಚು ಸಂಜೀವನಿ ಮಾಚಿಯಲ್ಲಿರುವ ಆಳು ದರವಾಜೆ ಅನ್ನುವ ಬಾಗಿಲು ದಾಟಿ ಇಳಿಯುವಾಗ ಒಣ ಹುಲ್ಲು, ಅದರಡಿ ಉರುಳುವ ಸಣ್ಣ ಕಲ್ಲು. ಮರಾಠಿ ಟ್ರೆಕ್ಕರುಗಳ ಬಾಯಲ್ಲಿ ಅದು ಘಸಾರಾ. ನಮ್ಮ ಭಾವ ಅದರ ಮೇಲೆ ಜಾರಿದರು. ಪಾದ ಒಳಗೆ ಮಡಚಿತು, ಸದ್ದು ನನಗೂ ಕೇಳಿತು. ‘ಏನೂ ಆಗಿಲ್ಲ ಬಿಡೋ, ಎದ್ದೇಳ್ತೀನಿ’ ಅಂದರು. ‘ಭಾವ, ಸುಮ್ನೆ ಕೂತ್ಕೊಳ್ಳಿ’ ಅಂತ ಹೆಗಲು ಹಿಡಿದು ಕೂರಿಸಿದೆ.

ಶೂ ಬಿಚ್ಚಲಿಲ್ಲ, ಲೇಸ್ ಮಾತ್ರ ಸಡಿಲಿಸಿದೆ. ಮಲಗುವ ಫೋಮ್ ಮ್ಯಾಟನ್ನು ಕಾಲಿನ ಸುತ್ತ ತೊಟ್ಟಿಲ ಹಾಗೆ ಬಗ್ಗಿಸಿ ಕ್ರೇಪ್ ಬ್ಯಾಂಡೇಜಿನಿಂದ ಕಟ್ಟಿದೆ. ‘ಬೆರಳು ಆಡಿಸಿ’ ಅಂದೆ, ಆಡಿಸಿದರು. ಜುಮ್ ಅನ್ನುತ್ತಿಲ್ಲ ಅಂದರು. ಆಮೇಲೆ ಫೋನ್.

ನನ್ನ ಸಿಮ್‌ಗೆ ಸಿಗ್ನಲ್ ಇರಲಿಲ್ಲ. ಆದರೆ ಪರದೆಯ ಮೇಲೆ ‘ತುರ್ತು ಕರೆ ಮಾತ್ರ’ ಅಂತ ಬರುತ್ತಿತ್ತು. ಅಂದರೆ ಬೇರೆ ಕಂಪನಿಯ ಟವರ್ ಸಿಗುತ್ತಿದೆ, 112 ಹೋಗುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ನೆಟ್‌ವರ್ಕ್ ಇಲ್ಲ ಅಂತ ಫೋನ್ ಒಳಗಿಟ್ಟುಬಿಡುತ್ತಾರೆ. ಕರೆ ಮಾಡುವ ಮೊದಲು ಒಂದು ಚೀಟಿ ಬರೆದುಕೊಂಡೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಹಾಗಾಗಿ ಅಕ್ಷಾಂಶ, ರೇಖಾಂಶ ಸಿಕ್ಕಿತು. ಅದರ ಕೆಳಗೆ: ರಾಜಗಡ–ತೋರಣಾ ಏಣು, ರಾಜಗಡದ ಕಡೆ, ಹತ್ತಿರದ ದೊಡ್ಡ ಊರು ವೆಲ್ಹೆ. ಒಬ್ಬರಿಗೆ ಪಾದದ ಗಂಟಿಗೆ ಪೆಟ್ಟು, ಪ್ರಜ್ಞೆ ಇದೆ, ರಕ್ತ ಇಲ್ಲ, ನಡೆಯಲಾಗದು, ಸ್ಟ್ರೆಚರ್ ಬೇಕು. ನೀರು ಇದೆ.

ಫೋನ್ ಎತ್ತಿದವರು ‘ಯಾವ ರಸ್ತೆ, ಯಾವ ಚೌಕ’ ಅಂತ ಕೇಳಿದರು. ಅವರ ತಪ್ಪಲ್ಲ, ದಿನವಿಡೀ ಬರುವುದು ಊರಿನ ಕರೆಗಳೇ ಅಲ್ವಾ? ಚೀಟಿಯನ್ನು ನಿಧಾನವಾಗಿ ಎರಡು ಸಲ ಓದಿದೆ. ಅಂಕಿಗಳನ್ನು ಮರಾಠಿಯಲ್ಲಿ ಒಂದೊಂದಾಗಿ ಹೇಳಿ, ವಾಪಸ್ ಓದಿಸಿಕೊಂಡೆ.

ಅದೇ ವಿವರವನ್ನು ಮನೆಯಲ್ಲಿದ್ದ ಅಕ್ಕನಿಗೆ ಎಸ್ಸೆಮ್ಮೆಸ್ ಮಾಡಿದೆ. ಮಾತಾಡುವಷ್ಟು ಸಿಗ್ನಲ್ ನಿಲ್ಲದ ಕಡೆಯೂ ಎಸ್ಸೆಮ್ಮೆಸ್ ಕೆಲವೊಮ್ಮೆ ನುಸುಳಿ ಹೋಗುತ್ತದೆ. ಏಣಿನ ಮೇಲೆ ಸ್ವಲ್ಪ ಮುಂದೆ ನಡೆದಾಗ ಹೋಯಿತು. ಅಕ್ಕ ಮಹಾರಾಷ್ಟ್ರ ಮೌಂಟನಿಯರ್ಸ್ ರೆಸ್ಕ್ಯೂ ಕೋಆರ್ಡಿನೇಷನ್ ಸೆಂಟರ್‌ನ ಸಹಾಯವಾಣಿಗೆ ಕರೆ ಮಾಡಿದಳು. ಬೆಟ್ಟದಲ್ಲಿ ಸಿಕ್ಕಿಬಿದ್ದವರಿಗೆ ಹತ್ತಿರದ ಸ್ವಯಂಸೇವಕರನ್ನು ಜೋಡಿಸುವುದೇ ಅವರ ಕೆಲಸ. ನನ್ನ ಪ್ರಕಾರ ಸಹ್ಯಾದ್ರಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ನಂಬರು ಅದು. ಹೆಲಿಕಾಪ್ಟರ್ ಕನಸು ಕಾಣಬೇಡಿ, ಬರುವುದು ಹಗ್ಗ, ಸ್ಟ್ರೆಚರ್ ಹೊತ್ತ ಹುಡುಗರು ಮತ್ತು ಕೆಳಗಿನ ಹಳ್ಳಿಯವರು.

ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಗಂಟೆಗೊಮ್ಮೆ ಮಾತ್ರ ತೆರೆದು ನೋಡಿದೆ. ತೆರೆಯುವ ಹೊತ್ತನ್ನು ಅಕ್ಕನಿಗೆ ಮೊದಲೇ ತಿಳಿಸಿದ್ದೆ. ಕತ್ತಲಾದಾಗ ಟಾರ್ಚಿನಿಂದ ಬೆಟ್ಟದಲ್ಲಿ ಸಹಾಯ ಕೇಳುವ ಸಂಕೇತ: ನಿಮಿಷಕ್ಕೆ ಆರು ಸಲ ಮಿನುಗಿಸಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು. ಉತ್ತರವಾಗಿ ನಿಮಿಷಕ್ಕೆ ಮೂರು ಬರಬೇಕು ಅನ್ನುವುದು ಪುಸ್ತಕದ ಮಾತು. ನಮಗೆ ಬಂದದ್ದು ಕೆಳಗಿನಿಂದ ಉದ್ದದ ಒಂದು ‘ಓ...’

ಎರಡು ಕೋಟೆಗಳ ನಡುವಿನ ಖಿಂಡಿಯವರೆಗೆ ಸ್ಟ್ರೆಚರ್ ತಂದ ಹುಡುಗರೇ ಭಾವನನ್ನು ಹೊತ್ತು ತಂದರು. ಅಲ್ಲಿ ರಸ್ತೆ ಏಣನ್ನು ದಾಟುತ್ತದೆ, ಆಂಬ್ಯುಲೆನ್ಸ್ ಬಂದು ನಿಂತಿತ್ತು. ಎಕ್ಸ್‌ರೇಯಲ್ಲಿ ಗಂಟಿನ ಮೂಳೆ ಮುರಿದದ್ದು ಕಂಡಿತು.

ಆಂಬ್ಯುಲೆನ್ಸ್ ಹೊರಟ ಕೂಡಲೇ ನಾವು ಸಹಾಯ ಕೇಳಿದ್ದ ಎಲ್ಲರಿಗೂ ‘ಕೆಳಗಿಳಿದೆವು, ಸಾಕು’ ಅಂತ ತಿಳಿಸಿದೆ. ರಾಜಗಡದ ಬುಡದ ಹಳ್ಳಿ ಗುಂಜವಣೆ ಕಡೆಯಿಂದಲೂ ಇಬ್ಬರು ಹತ್ತಲು ಶುರುಮಾಡಿದ್ದರಂತೆ. ಆ ಕರೆ ಹೋಗದಿದ್ದರೆ ಅವರು ರಾತ್ರಿಯಿಡೀ ನಮ್ಮನ್ನು ಹುಡುಕುತ್ತಿದ್ದರು.