ಮನಸ್ಸು ತತ್ತರಿಸಿದ ದಿನಕ್ಕೆ ಹದಿನೈದು ನಿಮಿಷದ ಆತ್ಮಶೋಧನೆ

1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕಾಳಗದಲ್ಲಿ ಕಾಲು ಮುರಿದು ಹಾಸಿಗೆ ಹಿಡಿದ ಲೊಯೋಲದ ಸಂತ ಇಗ್ನೇಷಿಯಸ್ (ಮುಂದೆ ಯೇಸುಸಭೆ ಎಂಬ ಕ್ರೈಸ್ತ ಗುರುಗಳ ಸಂಘವನ್ನು ಕಟ್ಟಿದವರು), ತಮ್ಮ ಮನಸ್ಸಿನ ಏರಿಳಿತವನ್ನು ಗಮನಿಸಲು ಕಲಿತರು. ಅವರು ಮುಂದೆ ಕಲಿಸಿದ ಐದು ಹಂತದ ಆತ್ಮಶೋಧನೆ ಇದು.

ರಾತ್ರಿ ಊಟಕ್ಕೆ ಮುಂಚೆಯೇ ಕೂರಿ. ಹಾಸಿಗೆಯಲ್ಲಿ ನಿದ್ದೆಯೇ ಗೆಲ್ಲುತ್ತದೆ. ಫೋನು ಬೇರೆ ಕೋಣೆಯಲ್ಲಿರಲಿ.

ಮೊದಲು ಇವತ್ತು ಸಿಕ್ಕ ಎರಡು ಮೂರು ಉಪಕಾರಗಳನ್ನು ಒಂದೊಂದಾಗಿ ಹೆಸರಿಸಿ ದೇವರಿಗೆ ಸ್ತೋತ್ರ ಹೇಳಿ. ‘ಎಲ್ಲದಕ್ಕೂ ವಂದನೆ’ ಎಂದರೆ ಸಾಲದು. ಆಮೇಲೆ ಪವಿತ್ರಾತ್ಮರ ಬೆಳಕು ಬೇಡಿ. ಬೈಬಲಿನ ಕೀರ್ತನೆ 139ರ ಕೊನೆಯ ಎರಡು ವಚನ ಸಾಕು.

ಮೂರನೆಯ ಹಂತಕ್ಕೆ ಏಳೆಂಟು ನಿಮಿಷ ಕೊಡಿ. ಬೆಳಿಗ್ಗೆಯಿಂದ ಗಂಟೆ ಗಂಟೆಯಾಗಿ ದಿನವನ್ನು ನೋಡುತ್ತಾ ಬನ್ನಿ. ಮನಸ್ಸು ದೇವರ ಕಡೆ, ಜನರ ಕಡೆ ಎಲ್ಲಿ ತೆರೆಯಿತು? ಎಲ್ಲಿ ಮುದುಡಿತು? ಸುದ್ದಿ ನೋಡಿದ ಮೇಲೋ, ಸಾಲದ ಕರೆ ಬಂದ ಮೇಲೋ? ಅನೇಕರು ಎಡವುವುದು ಇಲ್ಲೇ: ತಪ್ಪುಗಳ ಪಟ್ಟಿ ಮಾಡಿ ತಮ್ಮನ್ನೇ ದಂಡಿಸಿಕೊಳ್ಳುತ್ತಾರೆ. ಕೃತಜ್ಞತೆಯ ಹಂತವನ್ನು ಹಾರಿಸಿದರೆ ಹೀಗಾಗುವುದು ಸಹಜ.

ಬಳಿಕ ಕ್ಷಮೆ ಕೇಳಿ. ನಾಳೆಗೆ ಒಂದೇ ನಿರ್ಧಾರ ಮಾಡಿ, ಅದೂ ಸಣ್ಣದು: ‘ಅಣ್ಣನಿಗೆ ಫೋನ್ ಮಾಡುತ್ತೇನೆ’ ಎನ್ನುವಷ್ಟು. ಪ್ರಭು ಕಲಿಸಿದ ಪ್ರಾರ್ಥನೆಯೊಂದಿಗೆ ಮುಗಿಸಿ.

ಮನಸ್ಸು ಬರಡಾದ ದಿನ ಇಗ್ನೇಷಿಯಸರ ನಿಯಮ ಕಟ್ಟುನಿಟ್ಟು: ನೆಮ್ಮದಿಯಲ್ಲಿದ್ದಾಗ ಮಾಡಿದ ತೀರ್ಮಾನವನ್ನು ಆಗ ಬದಲಿಸಬಾರದು. ರಾಜೀನಾಮೆ ಪತ್ರ ಕಾಯಲಿ. ಪ್ರಾರ್ಥನೆಯನ್ನು ಮೊಟಕುಗೊಳಿಸುವ ಬದಲು ಒಂದು ನಿಮಿಷ ಹೆಚ್ಚೇ ಕೂರಿ. ಎರಡು ವಾರ ಕಳೆದರೂ ನಿದ್ದೆ, ಹಸಿವು ಮರಳದಿದ್ದರೆ ವೈದ್ಯರನ್ನು ಕಾಣಿ. ಮದ್ದು ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯಲ್ಲ.