ಎಚೊ ಮತ್ತು ಫ್ಯಾಕ್ಟ್: ಸ್ಪ್ಯಾನಿಷ್ ಪದಗಳನ್ನ ನಾನು ನೆನಪಿಟ್ಕೊಳ್ಳೋ ರೀತಿ

ಸ್ಪ್ಯಾನಿಷ್ ಪದಗಳನ್ನ ಉರು ಹೊಡೆಯೋದು ಬಿಟ್ಟು ಅವುಗಳ ಲ್ಯಾಟಿನ್ ಬೇರು ಹುಡುಕೋಕೆ ನಾನು ಶುರು ಮಾಡಿದ್ದು 'ಎಚೊ' ಅನ್ನೋ ಪದದಿಂದ. ಬರೆಯುವಾಗ ಮೊದಲಿಗೆ ಎಚ್ ಅಕ್ಷರ ಇರುತ್ತೆ, ಓದುವಾಗ ಅದಕ್ಕೆ ಸದ್ದಿಲ್ಲ. ಅರ್ಥ 'ಮಾಡಿದ್ದು', 'ನಡೆದ ಸಂಗತಿ'. ಮೆಕ್ಸಿಕೋದ ಸಾಮಾನಿನ ಮೇಲೆ 'ಎಚೊ ಎನ್ ಮೆಹಿಕೊ' ಅಂತ ಹಾಕಿರ್ತಾರಲ್ಲ, ಅದೇ ಪದ.

ಇದರ ಮೂಲ ಲ್ಯಾಟಿನ್ನಿನ 'ಫಾಕ್ಟುಮ್', ಇಂಗ್ಲಿಷಿನ ಫ್ಯಾಕ್ಟ್ ಕೂಡ ಅಲ್ಲಿಂದಲೇ ಬಂದಿದ್ದು. ಫ್ರೆಂಚ್ ಮೂಲಕ ಸುತ್ತಿಕೊಂಡು ಬಂದ ಫೀಟ್ (feat, ಅಂದ್ರೆ ಸಾಹಸ) ಅನ್ನೋದೂ ಇದೇ ಮನೆಯದು. ಎಚೊ, ಫ್ಯಾಕ್ಟ್ ಎರಡನ್ನೂ ಪಕ್ಕಪಕ್ಕ ಇಟ್ರೆ ಒಂದಕ್ಕೊಂದು ಸಂಬಂಧ ಇದೆ ಅಂತ ಅನ್ಸೋದೇ ಇಲ್ಲ, ಆದ್ರೆ ಮುಖ್ಯವಾಗಿ ಆಗಿರೋದು ಎರಡೇ ಬದಲಾವಣೆ, ಶುರುವಿನ 'ಫ' ಮೊದಲು 'ಹ' ಆಗಿ ಆಮೇಲೆ ಬಿದ್ದೇ ಹೋಯ್ತು, ನಡುವಿನ 'ಕ್ಟ' ಸವೆದು 'ಚ' ಆಯ್ತು. ಮೊದಲನೇದು ನಮಗೆ ಚೆನ್ನಾಗೇ ಗೊತ್ತಿರೋ ದಾರಿ ನೋಡಿ! ಹಳಗನ್ನಡದ ಪಾಲು ಹಾಲಾಯ್ತು, ಪಳ್ಳಿ ಹಳ್ಳಿಯಾಯ್ತು, ಮಂಡ್ಯ ಕಡೆ ಹಳ್ಳಿಗಳಲ್ಲಿ 'ಆಲು', 'ಅಳ್ಳಿ' ಅಂತಾರೆ. ಇದು ಹೊಳೆದ ಮೇಲೆ ಸ್ಪ್ಯಾನಿಷ್ ನಂಗೆ ತುಂಬಾ ಹತ್ತಿರ ಅನ್ಸೋಕೆ ಶುರುವಾಯ್ತು.

ನೋಟ್‌ಬುಕ್ಕಲ್ಲಿ ಮೂರು ಕಾಲಂ ಹಾಕ್ದೆ, ಸ್ಪ್ಯಾನಿಷ್, ಲ್ಯಾಟಿನ್, ಇಂಗ್ಲಿಷ್ ನೆಂಟರು. ಎಚ್ ಇಂದ ಶುರುವಾಗೋ ಪದ ಸಿಕ್ಕಿದ್ರೆ ಅಲ್ಲಿ 'ಫ' ಇಟ್ಟು ನೋಡ್ತೀನಿ. ಕಬ್ಬಿಣಕ್ಕೆ 'ಇಯೆರೊ', ಲ್ಯಾಟಿನ್ನಲ್ಲಿ ಫೆರ್ರುಮ್, ಇಂಗ್ಲಿಷಲ್ಲಿ ಫೆರಸ್. ಹಸಿವಿಗೆ 'ಆಂಬ್ರೆ', ನೆಂಟ ಫ್ಯಾಮಿನ್. ಇರುವೆಗೆ 'ಓರ್ಮಿಗ', ಲ್ಯಾಟಿನ್ ಫೋರ್ಮಿಕ, ಫಾರ್ಮಿಕ್ ಆಸಿಡ್ ಹೆಸರು ಅಲ್ಲಿಂದಲೇ. 'ಚ' ಕಂಡ್ರೆ 'ಕ್ಟ' ಇಟ್ಟು ನೋಡ್ತೀನಿ, ರಾತ್ರಿ 'ನೋಚೆ' ಅಂದ್ರೆ ನಾಕ್ಟರ್ನಲ್, ಹಾಲು 'ಲೆಚೆ' ಅಂದ್ರೆ ಲ್ಯಾಕ್ಟೋಸ್, ಎಂಟು 'ಓಚೊ' ಅಂದ್ರೆ ಅಕ್ಟೋಬರ್, ಹಳೇ ರೋಮನ್ ಕ್ಯಾಲೆಂಡರಲ್ಲಿ ಅದು ಎಂಟನೇ ತಿಂಗಳು.

ಎಲ್ಲಾ ಕಡೆ ಇದು ನಡೆಯಲ್ಲ. ಮನುಷ್ಯ ಅನ್ನೋ 'ಓಂಬ್ರೆ'ಯಲ್ಲಿ ಎಚ್ ಲ್ಯಾಟಿನ್ನಿಂದಲೇ ಬಂದಿದ್ದು, ಬೆಂಕಿ ಅನ್ನೋ 'ಫುವೆಗೊ'ದಲ್ಲಿ 'ಫ' ಹಾಗೇ ಉಳ್ಕೊಂಡಿದೆ. ಈ ಫುವೆಗೊ ಬಂದಿದ್ದು 'ಫೋಕುಸ್' ಅನ್ನೋ ಪದದಿಂದ, ಲ್ಯಾಟಿನ್ನಲ್ಲಿ ಅದರ ಅರ್ಥ ಒಲೆ, 1604ರಲ್ಲಿ ಕೆಪ್ಲರ್ ಅದನ್ನ ಬೆಳಕಿನ ಶಾಸ್ತ್ರಕ್ಕೆ ತಂದ, ಇವತ್ತಿನ ಕ್ಯಾಮೆರಾ ಫೋಕಸ್ ಅದೇ. ಹಾಗಾಗಿ ಅನುಮಾನ ಬಂದಾಗೆಲ್ಲ ಸ್ಪೇನಿನ ಅಧಿಕೃತ ಭಾಷಾ ಸಂಸ್ಥೆ ರಿಯಲ್ ಅಕಾಡೆಮಿಯಾ ಎಸ್ಪಾನ್ಯೋಲದ ಡಿಕ್ಷನರಿ ತೆಗೀತೀನಿ, ಅರ್ಥಕ್ಕಿಂತ ಮುಂಚೆ ಲ್ಯಾಟಿನ್ ಮೂಲ ಕೊಟ್ಟಿರ್ತಾರೆ.

ನಂಗೆ ತುಂಬಾ ಇಷ್ಟವಾದ ನೆಂಟ 'ಎಚೀಸೊ', ಅಂದ್ರೆ ಮಾಟ. ಇದೂ 'ಮಾಡು' ಅನ್ನೋ ಅದೇ ಬೇರಿನ ಫಾಕ್ಟಿಕಿಯುಸ್‌ನಿಂದ ಬಂದಿದ್ದು. ಪೋರ್ಚುಗೀಸಲ್ಲಿ ಅದು ಫೇಯ್ತೀಸು ಆಗಿ, ಫ್ರೆಂಚ್ ದಾಟಿ, ಇಂಗ್ಲಿಷಲ್ಲಿ ಫೆಟಿಶ್ ಆಯ್ತು, ಮೊದಲಿಗೆ ಅದರ ಅರ್ಥ ಮಾಟದ ಶಕ್ತಿ ಇದೆ ಅಂತ ನಂಬೋ ವಸ್ತು.