ಪಂಕ್ಚರ್ ಅಂಗಡಿಗೆ ಹೋಗುವ ಮುಂಚೆ ವಾಲ್ ನೋಡಿ

ರಾತ್ರಿ ಗಾಳಿ ಹೊಡೆದಿಟ್ಟ ಸೈಕಲ್ ಬೆಳಿಗ್ಗೆ ಪುಸ್ ಅಂದಿದ್ದರೆ ಅದು ಪಂಕ್ಚರೇ ಆಗಿರಬೇಕಿಲ್ಲ. ವಾಲ್ ಅಂದರೆ ಟ್ಯೂಬ್‌ಗೆ ಗಾಳಿ ತುಂಬುವ ಮೂತಿ; ಅದರ ಬಾಯಿಗೆ ಸ್ವಲ್ಪ ಉಗುಳು ಹಚ್ಚಿ. ಗುಳ್ಳೆ ಬಂತಾ? ಹಾಗಾದರೆ ಗಾಳಿ ಹೋಗುತ್ತಿರುವುದು ಅಲ್ಲೇ. ಹಳೇ ಮಾದರಿ ಸೈಕಲ್‌ಗಳ ವಾಲ್‌ನಲ್ಲಿ ಸಣ್ಣ ರಬ್ಬರ್ ಕೊಳವೆ ಇರುತ್ತದೆ, ವಾಲ್ ಟ್ಯೂಬ್ ಅಂತೀವಲ್ಲ, ಅದೇ. ಬಿಸಿಲಿಗೆ ಒಣಗಿ ಸೀಳುತ್ತದೆ. ನಟ್ ಬಿಚ್ಚಿ, ಹೊಸದನ್ನು ಒದ್ದೆ ಮಾಡಿ ಏರಿಸಿ. ವಾಲ್ ಕಡ್ಡಿಯ ಪಕ್ಕದಲ್ಲಿರುವ ತೂತು ಅದರಿಂದ ಪೂರ್ತಿ ಮುಚ್ಚಿರಬೇಕು. ಇಷ್ಟೇ.

ನಮ್ಮ ಚಿತ್ರದುರ್ಗದಲ್ಲಿ ಇನ್ನೊಂದು ಕಾಟ ಬಳ್ಳಾರಿ ಜಾಲಿ ಮುಳ್ಳು. ಕಳೆದ ತಿಂಗಳು ಚಂದ್ರವಳ್ಳಿಗೆ ಹೋಗಿ ಬಂದು ಪ್ಯಾಚ್ ಹಾಕಿಸಿದೆ. ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ತೂತು! ಮುರಿದ ತುದಿ ಟಯರ್ ಒಳಗೇ ಉಳಿದಿತ್ತು. ಅದಕ್ಕೇ ಟ್ಯೂಬ್ ವಾಪಸ್ ಹಾಕುವ ಮುಂಚೆ ಟಯರ್ ಒಳಗೆಲ್ಲ ಹಳೇ ಬಟ್ಟೆ ಆಡಿಸಿ. ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿರುತ್ತದೆ. ಬರಿಗೈ ಹಾಕಬೇಡಿ, ನಾನು ಹಾಕಿ ಅನುಭವಿಸಿದ್ದೇನೆ.

ಟ್ಯೂಬ್‌ನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಮುಳ್ಳನ್ನು ಬೈಯಬೇಡಿ. ಗಾಳಿ ಕಮ್ಮಿ ಇದ್ದು, ಗುಂಡಿಗೆ ಬಿದ್ದಾಗ ರಿಮ್ ಕಚ್ಚಿರುತ್ತದೆ. ಎಷ್ಟು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಬೇಕು ಅಂತ ಟಯರ್ ಪಕ್ಕದಲ್ಲೇ ಬರೆದಿರುತ್ತದೆ. ಸುಮ್ನೆ ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ಸಾಲದು. ವಾರಕ್ಕೊಮ್ಮೆ ಗಾಳಿ ಹೊಡೆಯಿರಿ.